ಮಾಲಕನ ದಾದಿ

ಹೋದ ಶನಿವಾರ ಬೆಳಿಗ್ಗೆ ದೋಸೆಗೆ ನೆನೆಹಾಕಲು ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಬಂತು. ಜೆರ್ಸಿ ಸಿಟಿಯ ಯಾವನೋ ಲ್ಯಾಂಡ್‌ಲಾರ್ಡ್. ತನ್ನ ಮನೆಯ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಂಡಿಯನ್ ಪ್ರೊಫೆಸರ್ ಆಸ್ಪತ್ರೆಯಲ್ಲಿ ತೀರಿಕೊಂಡರೆಂದೂ, ಅವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಫೋನ್ ನಂಬರ್, ಅದು ನಮ್ಮದೆಂದೂ ಹೇಳಿದ. ನೀವು ಅವರ ಫ್ಯಾಮಿಲಿಯೇ ಎಂದು ಕೇಳಿದ. ನಾನು ಹೌದು ಎಂದುಬಿಟ್ಟೆ. ಅವರು ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡಿ ಆರು ವರ್ಷದ ಮೇಲಾಗಿತ್ತು. ಆದರೂ ನಂಬರನ್ನು ಹೊಡೆದುಹಾಕಿರಲಿಲ್ಲ.

ಆ ಮಧ್ಯಾಹ್ನವೇ ಹೋದೆವು. ಆಗಬೇಕಾದದ್ದನ್ನೆಲ್ಲ ನನ್ನ ಯಜಮಾನರು ಮಾಡಿಸಿದರು. ದಹನದ ಹೊತ್ತಿಗೆ ನಾವಿಬ್ಬರು, ಆ ಲ್ಯಾಂಡ್‌ಲಾರ್ಡ್, ಅವರು ಹಿಂದೆ ಪಾಠ ಹೇಳುತ್ತಿದ್ದ ಕಾಲೇಜಿನ ಲೈಬ್ರರಿಯ ಒಬ್ಬ ಮುದುಕಿ, ಅಷ್ಟೇ ಜನ. ನ್ಯೂಜೆರ್ಸಿಯಲ್ಲಿ ಈಗ ಕನ್ನಡದವರಿಗೇನು ಬರವಿಲ್ಲ. ನಾನು ನಾಲ್ಕು ಮನೆಗೆ ಫೋನ್ ಮಾಡಿದೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸವಿತ್ತು. ಅವರನ್ನು ದೂರಲು ನನಗೆ ಯಾವ ಹಕ್ಕೂ ಇಲ್ಲ. ಆ ಮನುಷ್ಯನ ಹತ್ತಿರ ಯಾರೂ ಸುಳಿಯದಂತೆ ಮಾಡಿದವಳು ನಾನೇ.

ನನ್ನ ಬಾಯಿ ಯಾವತ್ತೂ ನನಗೆ ಶತ್ರು. ‘ನಿನ್ನ ಬಾಯಿಗೆ ಬೀಗ ಹಾಕೋ ಗಂಡ ಸಿಗಲಿ’ ಎಂದು ಮೈಸೂರಿನಲ್ಲಿ ನಮ್ಮಮ್ಮ ಹರಸುತ್ತಿದ್ದರು. ಸಿಕ್ಕಿದ್ದು ಮಾತೇ ಆಡದ ಗಂಡ. ಅವರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದೆ. ಅರವತ್ತರ ದಶಕದ ಕೊನೆಯಲ್ಲಿ ನಾವು ನ್ಯೂ ಬ್ರನ್ಸ್‌ವಿಕ್ಕಿಗೆ ಬಂದಾಗ ಕನ್ನಡ ಕಿವಿಗೆ ಬೀಳುತ್ತಿದ್ದುದು ನಮ್ಮ ಅಡಿಗೆಮನೆಯಲ್ಲಿ ಮಾತ್ರ. ಯಜಮಾನರು ಔಷಧಿ ತಯಾರಿಸುವ ಕಡೆ ಕೆಮಿಸ್ಟ್. ಭಾನುವಾರ ನಾನು ಫೋನ್ ಡೈರೆಕ್ಟರಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಕಡೆಯದೆನ್ನಿಸುವ ಹೆಸರಿಗೆ ಬೆರಳಿಟ್ಟು ಫೋನ್ ಮಾಡುತ್ತಿದ್ದೆ. ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು. ಹಾಗೆ ಸಿಕ್ಕಿದವರು ಇವರು.

"ಹಲೋ, ಕನ್ನಡ ಬರತ್ತಾ?" ಎಂದೆ.

"ಬರ್ತದ್ರಿ" ಎಂದರು. ಮುಂದಿನ ಭಾನುವಾರವೇ ಬಸ್ಸಿನಲ್ಲಿ ಊಟಕ್ಕೆ ಬಂದರು.

ಬಾಗಿಲಲ್ಲಿ ಬೂಟು ಬಿಚ್ಚಿ, ಬಗ್ಗಿ, ನಮ್ಮ ಲಿವಿಂಗ್ ರೂಮಿನ ಕಾರ್ಪೆಟ್ಟನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದೇನು ಎಂದು ಕೇಳಿದೆ. "ರೂಢಿ ರಿ ಅಕ್ಕಾರ" ಎಂದು ನಕ್ಕರು. ಮೂವತ್ತು ದಾಟಿರಲಿಲ್ಲ. ಸಣಕಲು ಆಳು. ದನಿ ಮಾತ್ರ ಆ ಮೈಯದಲ್ಲ. ಪಿಸುಗುಟ್ಟಿದರೂ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ಇನ್ನೊಂದು ವಿಚಿತ್ರವಿತ್ತು. ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಹೊರಡುವಾಗ ಎರಡು ಹೆಜ್ಜೆ ಹಿಂದುಹಿಂದಕ್ಕೆ ಇಟ್ಟು, ಬಾಗಿಲು ಬಂದ ಮೇಲಷ್ಟೇ ತಿರುಗುತ್ತಿದ್ದರು. ನನ್ನ ಮಗಳು ಅದನ್ನು ಅಣಕಿಸಿ ನಗುತ್ತಿದ್ದಳು. ಅವರೂ ಅವಳ ಜೊತೆ ಸೇರಿ ಹಿಂದುಹಿಂದಕ್ಕೆ ನಡೆದು ಸೋಫಾಕ್ಕೆ ಡಿಕ್ಕಿ ಹೊಡೆಯುತ್ತಿದ್ದರು.

ಸೂಜಿ ಹಿಡಿದರೆ ಕಸುಬಿನವರ ಹಾಗೆ ಹೊಲಿಯುತ್ತಿದ್ದರು. ಊರಿಂದ ಬಂದ ನನ್ನ ಮೂರು ಸೀರೆಗೆ ಒಂದೇ ಮಧ್ಯಾಹ್ನ ಫಾಲ್ ಹಚ್ಚಿಕೊಟ್ಟರು. ಎಲ್ಲಿ ಕಲಿತಿರಿ ಎಂದರೆ ಹಾಸ್ಟೆಲಿನಲ್ಲಿ ಎಂದರು. ತಂದೆ ಧಾರವಾಡದ ಕಡೆ ಸಾಲಿ ಮಾಸ್ತರರು, ತಾಯಿ ಇಲ್ಲ, ಇಬ್ಬರೂ ಚಿಕ್ಕಂದಿನಲ್ಲೇ ಹೋದರು ಎಂದು ಒಮ್ಮೆ ಹೇಳಿದ್ದರು. ಗೌರಿ ಹಬ್ಬಕ್ಕೆ ಸಂಸ್ಕೃತ ಶ್ಲೋಕ ಹೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಸರಿ, ಇವರು ನಮ್ಮವರೇ ಎಂದು ನಾವೆಲ್ಲ ತೀರ್ಮಾನಿಸಿದೆವು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಾವು ಕೇಳಲೂ ಇಲ್ಲ.

ಅವರಿಗೆ ಇದ್ದ ಮಾತು ಒಂದೇ, ಮಾಲಕನದು. ನೂರು ವರ್ಷದ ಹಿಂದೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಲಂಡನ್ನಿನಲ್ಲಿ ದೊಡ್ಡ ನಾಟಕಶಾಲೆ ನಡೆಸಿದ ಒಬ್ಬ ಇಂಗ್ಲಿಷಿನವನ ಮೇಲೆ ನ್ಯೂಯಾರ್ಕಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ನಮ್ಮ ನಾಟಕ ಕಂಪನಿಯ ಯಜಮಾನರನ್ನು ಹುಬ್ಬಳ್ಳಿ ಕಡೆ ಮಾಲಕರು ಎನ್ನುತ್ತಾರಂತೆ. ಅದಕ್ಕೇ ಆ ಇಂಗ್ಲಿಷಿನವನೂ ಇವರ ಬಾಯಲ್ಲಿ ಮಾಲಕ. ‘ಮಾಲಕ ಇವತ್ತು ಭಾಳ ಸುಳ್ಳು ಹೇಳ್ಯಾನ್ರಿ’ ಎನ್ನುತ್ತ ಊಟಕ್ಕೆ ಕೂರುತ್ತಿದ್ದರು. ನಮ್ಮ ಮನೆಯಲ್ಲೂ ಅವನು ಮಾಲಕನೇ ಆದ. ಇವತ್ತಿಗೂ ಅವನ ಹೆಸರು ಥಟ್ಟನೆ ನನಗೆ ಬರುವುದಿಲ್ಲ.

ಮಾಲಕ ತನ್ನ ಆತ್ಮಕಥೆಯಲ್ಲಿ ತಂದೆ ಪಾದ್ರಿ, ತಾಯಿ ದೊಡ್ಡ ಮನೆತನದವಳು, ಇಬ್ಬರೂ ಜ್ವರದಲ್ಲಿ ಸತ್ತರು, ತಾನು ಅನಾಥ ಮಕ್ಕಳ ಶಾಲೆಯಲ್ಲಿ ಬೆಳೆದೆ ಎಂದು ಬರೆದುಕೊಂಡಿದ್ದನಂತೆ. ಎಲ್ಲರೂ ಅದನ್ನೇ ನಂಬಿ ಅದನ್ನೇ ಬರೆಯುತ್ತ ಬಂದಿದ್ದರು. ಇವರು ಆ ಪಾದ್ರಿಯ ಹೆಸರನ್ನು ಹುಡುಕಿದರು. ಅಂಥ ಪಾದ್ರಿಯೇ ಇರಲಿಲ್ಲ. ಒಂದು ವರ್ಷ ಪತ್ರ ಬರೆದು ಬರೆದು ಆ ಶಾಲೆಯ ರಿಜಿಸ್ಟರಿನ ಒಂದು ಪುಟದ ಫೋಟೋ ಪ್ರತಿ ತರಿಸಿಕೊಂಡರು. ಅದು ಬಂದ ದಿನ ಬಸ್ಸಿಗೂ ಕಾಯದೆ ಯಾರದೋ ಕಾರಿನಲ್ಲಿ ಲಿಫ್ಟ್ ತೆಗೆದುಕೊಂಡು ನಮ್ಮ ಮನೆಗೆ ಬಂದರು.

ಊಟದ ಟೇಬಲ್ ಮೇಲೆ ಹರಡಿ ತೋರಿಸಿದರು. ಏಳು ವರ್ಷದ ಹುಡುಗ. ತಂದೆ ಇಲ್ಲ, ತಾಯಿ ಇಲ್ಲ. ಕರೆತಂದವಳು ದಾದಿ. ಸಹಿಯ ಜಾಗದಲ್ಲಿ ಒಂದು ಗೀಟು. ಪಕ್ಕದಲ್ಲಿ ಗುಮಾಸ್ತ ಒಂದು ಸಾಲು ಬರೆದಿದ್ದ: ಹೆಂಗಸಿನ ಮಾತು ಸ್ಪಷ್ಟವಾಗಿದೆ, ಅಳಲಿಲ್ಲ.

"ಈಕಿ ದಾದಿ ಅಲ್ರಿ ಅಕ್ಕಾರ. ಈಕಿನ ತಾಯಿ."

"ದಾದಿ ಅಂತ ಬರೆದಿದೆಯಲ್ರೀ."

"ಬರಸ್ಯಾಳ. ನೋಡ್ರಿ ಇಲ್ಲೆ, ಮಾತು ಸ್ಪಷ್ಟ ಅದ ಅಂತ. ಸಹಿ ಮಾಡ್ಲಿಕ್ಕೆ ಬರದ ದಾದಿ ಅಷ್ಟು ದೊಡ್ಡ ಸಾಹೇಬನ ಮುಂದ ತಡವರಸ್ತಾಳ, ಅಳ್ತಾಳ. ಈಕಿ ಪಾಠ ಮಾಡಿಕೊಂಡು ಬಂದಾಳ. ಈಕಿ ಸ್ಟೇಜಿನಾಕಿ."

ಹುಡುಗನನ್ನು ಸೇರಿಸಿದ ವಾರವೇ ಆ ಶಾಲೆಯ ಪಕ್ಕದ ಊರಿನ ಸಂತೆಯಲ್ಲಿ ಗುಡಾರ ಹಾಕಿದ್ದ ಒಂದು ನಾಟಕದ ತಂಡದ ಹ್ಯಾಂಡ್‌ಬಿಲ್ಲೂ ಅವರಿಗೆ ಸಿಕ್ಕಿತ್ತು. ಅದರಲ್ಲಿದ್ದ ನಟಿಯದೂ ದಾದಿಯದೂ ಒಂದೇ ಹೆಸರು. ಆ ಹೆಂಗಸು ಕೊನೆಗೆ ಬಡವರ ಆಶ್ರಮದಲ್ಲಿ ಸತ್ತಳಂತೆ. ಅಲ್ಲಿಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಮಕ್ಕಳಿಲ್ಲ’ ಎಂದಿತ್ತಂತೆ. ಮಗ ಆಗ ಲಂಡನ್ನಿನಲ್ಲಿ ಮಾಲಕ.

ಗೈಡ್ ಒಪ್ಪಲಿಲ್ಲ. ಆ ಹೆಸರಿನವರು ಇಂಗ್ಲೆಂಡಿನಲ್ಲಿ ಸಾವಿರ ಜನ ಇದ್ದರು, ದಾದಿಯೇ ತಾಯಿ ಅನ್ನುವುದಕ್ಕೆ ಪ್ರೂಫ್ ಎಲ್ಲಿ ಎಂದರು. ಆ ಊಹೆ ಬಿಟ್ಟು, ಮಾಲಕ ದೊಡ್ಡವನಾದ ಮೇಲಿನ ಕಥೆ ಬರೆದು ಮುಗಿಸಿ, ಇಲ್ಲದಿದ್ದರೆ ಡಿಗ್ರಿ ಇಲ್ಲ ಎಂದರು. ಡಿಗ್ರಿ ಇಲ್ಲದಿದ್ದರೆ ಕಾಲೇಜಿನ ಕೆಲಸವೂ ಪಕ್ಕಾ ಆಗುವಂತಿರಲಿಲ್ಲ. ನಾನೂ ಬುದ್ಧಿ ಹೇಳಿದೆ. ಯಾವಳೋ ಸತ್ತು ನೂರು ವರ್ಷ ಆಯಿತು, ದಾದಿ ಅಂತಲೇ ಬರೆದು ಕೈ ತೊಳೆದುಕೊಳ್ಳಿ ಎಂದೆ.

"ಹ್ಯಾಂಗ ಬರೀಲಿ ಅಕ್ಕಾರ? ಎಲ್ಲಾರೂ ಅಕಿನ್ನ ದಾದಿ ಅಂದಬಿಟ್ಟಾರ. ನಾನೂ ಅಂದರ ಮುಗೀತು. ಇನ್ನ ಯಾರೂ ಅಕಿನ್ನ ಹುಡುಕಿ ಬರಂಗಿಲ್ಲ" ಎಂದರು.

ಎರಡು ವರ್ಷ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಮಾಲಕನ ಮನೆತನ, ಮಾಲಕನ ಬಾಲ್ಯ. ಬರೆದರು, ಹರಿದರು, ಮತ್ತೆ ಬರೆದರು. ಇದೇನು ಹಟ ಎಂದು ನನಗೆ ರೇಗುತ್ತಿತ್ತು.

ಒಂದು ವರ್ಷ ಮಹಾಲಯ ಅಮಾವಾಸ್ಯೆ ಭಾನುವಾರ ಬಿತ್ತು. ಆ ಹೊತ್ತಿಗೆ ಸುತ್ತಮುತ್ತ ಏಳೆಂಟು ಕನ್ನಡದ ಮನೆಗಳಾಗಿದ್ದವು. ಗೆಳತಿಯ ಮಾವನವರು ಮೈಸೂರಿನಿಂದ ಬಂದಿದ್ದರು, ಮಂತ್ರ ಬಲ್ಲವರು, ನಮಗೆಲ್ಲ ತಾತ. ಎಲ್ಲರ ಮನೆಯ ಗಂಡಸರೂ ನಮ್ಮಲ್ಲೇ ಸೇರಿ ಸತ್ತ ಹಿರಿಯರಿಗೆ ತರ್ಪಣ ಬಿಡುವುದೆಂದಾಯಿತು. ನೀರು ಬೀಳಲು ನನ್ನ ಕೇಕಿನ ಟ್ರೇಗಳನ್ನು ಸಾಲಾಗಿ ಇಟ್ಟೆ. ನಾನೇ ಇವರಿಗೂ ಫೋನ್ ಮಾಡಿ ಕರೆದೆ.

"ಬ್ಯಾಡ್ರಿ ಅಕ್ಕಾರ, ನನಗ ಅದೆಲ್ಲಾ ರೂಢಿ ಇಲ್ಲ."

"ಹೆತ್ತವರಿಗೆ ಒಂದು ಹನಿ ನೀರು ಬಿಡೋಕೆ ರೂಢಿ ಏನ್ರೀ? ಬರ್ತೀರಿ ಅಷ್ಟೆ" ಎಂದು ಫೋನ್ ಇಟ್ಟೆ.

ಬಂದರು. ಗೋತ್ರ ಕೇಳಿದರೆ ಗೊತ್ತಿಲ್ಲ ಎಂದರು. ತಾತ ಉದಾರಿ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ, ಜನಿವಾರ ಇಲ್ಲದಿದ್ದರೆ ಟವೆಲ್ ಹೊದ್ದುಕೊಳ್ಳಿ, ಸಮುದ್ರ ದಾಟಿದವರಿಗೆ ಇದೆಲ್ಲ ನಡೆಯುತ್ತೆ ಎಂದರು. ತಂದೆಯ ಹೆಸರು ಕೇಳಿದರು, ಇವರು ಹೇಳಿದರು. "ತಾಯಿ ಇದ್ದಾರೋ?" ಎಂದು ಕೇಳಿದರು. ಇವರು ಕೈಯಲ್ಲಿದ್ದ ಎಳ್ಳನ್ನೇ ನೋಡುತ್ತ ಕುಳಿತರು. ನಾನು ಅಡಿಗೆಮನೆಯ ಬಾಗಿಲಿಂದ, "ಇಲ್ಲ ತಾತ, ಚಿಕ್ಕಂದಿನಲ್ಲೇ ಹೋದರಂತೆ" ಎಂದೆ. ಯಾರು ಕೇಳಿದ್ದರು ನನ್ನನ್ನು?

"ಹೆಸರು?"

ಒಂದು ಹೆಸರು ಹೇಳಿದರು. ಎಲ್ಲೂ ಕೇಳಿರದ ಹೆಸರು. ತಾತನಿಗೆ ಗೊತ್ತಾಗದೆ ಮತ್ತೆ ಕೇಳಿದರು. ಎರಡನೆಯ ಸಲ ಇವರು ಆ ಹೆಸರನ್ನು ಎಂಥ ಸ್ಪಷ್ಟವಾದ ದನಿಯಲ್ಲಿ ಹೇಳಿದರೆಂದರೆ ಆಟವಾಡುತ್ತಿದ್ದ ಮಕ್ಕಳೂ ಸುಮ್ಮನಾದರು. ಮೂರು ಸಲ ನೀರು ಬಿಟ್ಟರು. ಊಟಕ್ಕೆ ನಿಲ್ಲಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದರು.

ಇಷ್ಟು ಒಳ್ಳೆಯ ಹುಡುಗ ಒಂಟಿಯಾಗಿರುವುದೇ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಬೆಂಗಳೂರಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಮದುವೆಗಿದ್ದಳು. ಮಹಾಲಯಕ್ಕೂ ತಿಂಗಳು ಮುಂಚೆಯೇ, ಇವರಿಗೆ ಒಂದು ಮಾತೂ ತಿಳಿಸದೆ, ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ಸೋದರಮಾವನಿಗೆ ಏರೋಗ್ರಾಂ ಬರೆದೆ. ಇಂಥವರ ಮಗ, ಇಂಥ ಹೈಸ್ಕೂಲು, ಮನೆತನ ಹೇಗೆ ಸ್ವಲ್ಪ ವಿಚಾರಿಸು ಎಂದು. ಗಂಡು ಹೆಣ್ಣು ಅಂದಮೇಲೆ ಎಲ್ಲರೂ ಮಾಡುವುದು ಅದನ್ನೇ.

ಮಹಾಲಯ ಕಳೆದ ಎರಡು ವಾರಕ್ಕೆ ಮಾವನ ಉತ್ತರ ಬಂತು. ಅವನು ಬರೆದದ್ದು ಇಷ್ಟು: ತಂದೆ ಎಂದು ಬರೆಸಿದ ಮಾಸ್ತರ ಹೆಸರಿಗೆ ಮಾತ್ರ. ಹುಡುಗ ಕಂಪನಿ ನಾಟಕದ ನಟಿಯೊಬ್ಬಳ ಮಗ. ಹುಟ್ಟಿದ್ದು ಆ ಕಂಪನಿಯ ಮಾಲಕನಿಗೆ. ಆಕೆ ಒಂದು ಕಾಲಕ್ಕೆ ಹೆಸರು ಮಾಡಿದವಳು, ನಾನೂ ಟಿಕೆಟ್ ತೆಗೆದು ನೋಡಿದ್ದೇನೆ. ಈಗಲೂ ಹಳೇ ಹುಬ್ಬಳ್ಳಿಯಲ್ಲಿ ಇದ್ದಾಳೆ, ಮುದುಕಿಯ ಪಾರ್ಟು ಮಾಡುತ್ತಾಳೆ. ವಿಚಾರಿಸಲು ಹೋದರೆ ತಾನು ಹುಡುಗನ ಚಿಕ್ಕಮ್ಮ ಎನ್ನುತ್ತಾಳೆ. ಊರಿಗೆಲ್ಲ ಗೊತ್ತು, ಆಕೆಯೇ ತಾಯಿ. ಹುಡುಗನ ಸುದ್ದಿ ಬೇಕು ಎಂದು ಕೈ ಹಿಡಿದುಕೊಂಡಳು. ನಿನ್ನ ವಿಳಾಸ ಕೊಟ್ಟಿದ್ದೇನೆ. ಈ ಸಂಬಂಧ ಬೇಡ.

ಮಾವ ಬರೆದಿದ್ದ ತಾಯಿಯ ಹೆಸರು ಇವರು ತಾತನಿಗೆ ಹೇಳಿದ ಹೆಸರಲ್ಲ. ನಾಟಕದವರು ಹೆಸರು ಬದಲಾಯಿಸುತ್ತಾರಲ್ಲ, ಅದಿರಬೇಕು ಎಂದುಕೊಂಡೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ತಾಯಿ ಬದುಕಿದ್ದಾಳೆ. ಬದುಕಿರುವ ತಾಯಿಗೆ ಈ ಮನುಷ್ಯ ನನ್ನ ಮನೆಯಲ್ಲಿ, ನನ್ನ ಟ್ರೇಯಲ್ಲಿ, ಎಳ್ಳುನೀರು ಬಿಟ್ಟ. ಮೈಯೆಲ್ಲ ಉರಿದುಹೋಯಿತು.

ಯಜಮಾನರು, "ಒಂದು ಮಾತು ಅವರನ್ನೇ ಕೇಳೇ" ಎಂದರು. ನಾನು ಕೇಳಲಿಲ್ಲ.

ದೀಪಾವಳಿಗೆ ಒಂದು ಚರ್ಚಿನ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೆವು. ಇವರು ಬಂದರು. ಬಾಗಿಲಲ್ಲಿ ಬಗ್ಗಿ ಲಿನೋಲಿಯಮ್ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿದ್ದ ಗೆಳತಿ, "ಎಷ್ಟು ಸಂಸ್ಕಾರ ನೋಡಿ ಇವರಿಗೆ" ಎಂದಳು. ನನ್ನ ಕೈಯಲ್ಲಿ ಪುಳಿಯೋಗರೆಯ ಸೌಟಿತ್ತು.

"ಹೌದು, ಭಾರೀ ಸಂಸ್ಕಾರ. ಇವರ ತಾಯಿ ಹುಬ್ಬಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ನಾಟಕದಲ್ಲಿ ಪಾರ್ಟು ಮಾಡ್ತಾರೆ. ಬದುಕಿರೋ ತಾಯಿಗೆ ನಮ್ಮನೇಲಿ ತರ್ಪಣ ಬಿಟ್ಟು ಹೋದ್ರು" ಎಂದೆ. ನನ್ನ ದನಿಯೂ ಸಣ್ಣದಲ್ಲ.

ಮೂವತ್ತು ಜನ ಅವರತ್ತ ತಿರುಗಿದರು. ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಬಾಯಿ ತೆರೆದರು, ಮುಚ್ಚಿದರು. ತಟ್ಟೆಯನ್ನು ಮೇಜಿನ ಮೇಲಿಟ್ಟರು. ಮುಖ ನಮ್ಮ ಕಡೆಗೇ ಇಟ್ಟುಕೊಂಡು ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಬಾಗಿಲವರೆಗೆ ಹೋದರು. ಅಷ್ಟು ದೂರ ಎಲ್ಲರ ಕಣ್ಣಿಗೂ ಕಾಣುವಂತೆ ಆ ಮುಖ ಇತ್ತು. ಅವತ್ತಾದರೂ ಬೆನ್ನು ತಿರುಗಿಸಿ ಹೋಗಬಾರದಿತ್ತೇ?

ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ತಾತ ಯಾವುದೋ ಮಠಕ್ಕೆ ಕಾಗದ ಬರೆದು ಪ್ರಾಯಶ್ಚಿತ್ತ ಕೇಳಿದರು. ಕೆಲವರಿಗೆ ತರ್ಪಣ ಸಂಕಟವಾಯಿತು. ಇನ್ನು ಕೆಲವರಿಗೆ ನಟಿಯ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡದ್ದೇ ಸಂಕಟವಾಯಿತು. ಅವರ ಬಾಯಿ ಮುಚ್ಚಿಸಲು ನಾನು ಹೋಗಲಿಲ್ಲ.

ಡಿಸೆಂಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ಹುಬ್ಬಳ್ಳಿಯಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಯಾರೋ ಶಾಲೆಯ ಮಗುವಿನಿಂದ ಬರೆಸಿದ ದುಂಡಕ್ಷರ. ಇವತ್ತಿಗೂ ಆ ಸಾಲುಗಳು ನನಗೆ ಬಾಯಿಪಾಠ.

‘ಅಕ್ಕಾವರಿಗೆ ಶರಣು. ನಾನು ಆ ಹುಡುಗನ ಚಿಕ್ಕವ್ವ. ಜನ ಏನೇನೋ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬ್ಯಾಡರಿ. ಅವನ ತಾಯಿ ಸತ್ತು ಭಾಳ ವರ್ಷ ಆತು. ಅಕಿ ಒಳ್ಳೆ ಮನೆತನದಾಕಿ. ನನ್ನ ಕಾರಣಕ್ಕ ಮದುವಿ ಬಿಡಬ್ಯಾಡರಿ. ನನಗ ಈಗ ಮೈಯಾಗ ನೆಟ್ಟಗಿಲ್ಲ. ನಿಮ್ಮ ಕೈಯಾರ ಅವನಿಗೆ ಇದನ್ನ ಮುಟ್ಟಿಸಿ, ಚಿಕ್ಕವ್ವಗ ಒಂದು ಸಾಲು ಬರಿ ಅಂತ ಹೇಳರಿ. ಅವನ ಅಕ್ಷರ ನೋಡಬೇಕು.’

ಕಲ್ಲು ಕೂಡ ಕರಗಬೇಕು. ನನಗೆ ಬಂದದ್ದು ಸಿಟ್ಟು. ಮಗ ಇಲ್ಲಿ ತಾಯಿ ಸತ್ತಳೆಂದು ನೀರು ಬಿಡುತ್ತಾನೆ, ತಾಯಿ ಅಲ್ಲಿ ತಾನು ಚಿಕ್ಕವ್ವ ಎಂದು ಬರೆಸುತ್ತಾಳೆ. ಇವರಿಗೆ ಕಾಗದದಲ್ಲೂ ನಾಟಕ. ಹಾಗೆಂದು ಗಟ್ಟಿಯಾಗಿಯೇ ಅಂದೆ. ಕಾಗದವನ್ನು ಅಡಿಗೆಮನೆಯ ಡ್ರಾಯರಿನಲ್ಲಿ, ಸೂಪರ್ ಮಾರ್ಕೆಟ್ಟಿನ ಕೂಪನ್ನುಗಳ ಕೆಳಗೆ ತುರುಕಿದೆ. ಬೇಕಾದರೆ ಅವರೇ ಬಂದು ಕ್ಷಮೆ ಕೇಳಲಿ, ಆಗ ಕೊಡುತ್ತೇನೆ ಎಂದುಕೊಂಡೆ. ನನ್ನ ಹತ್ತಿರ ಕ್ಷಮೆ!

ದಿನಾ ಆ ಡ್ರಾಯರ್ ತೆಗೆಯುತ್ತಿದ್ದೆ. ಕೂಪನ್ ಕತ್ತರಿಸಿ ಹಾಕುತ್ತಿದ್ದೆ. ಐದು ವಾರ ಹಾಗೇ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಮಾವನ ಇನ್ನೊಂದು ಕಾಗದ ಬಂತು. ಆ ಹೆಂಗಸು ಆಸ್ಪತ್ರೆ ಸೇರಿದ್ದಾಳೆ, ನಿನಗೆ ಬರೆಸಿದ ಕಾಗದ ಹುಡುಗನಿಗೆ ಮುಟ್ಟಿತೋ ಇಲ್ಲವೋ ಎಂದು ಕೇಳಿದ್ದ. ಓದುತ್ತಿದ್ದಂತೆ ಡ್ರಾಯರಿನಿಂದ ಆ ಕಾಗದ ತೆಗೆದು ಕೋಟು ಹಾಕಿಕೊಂಡೆ.

ಯಜಮಾನರು ಆ ಹಿಮದಲ್ಲೇ ಡ್ರೈವ್ ಮಾಡಿ ಕರೆದುಕೊಂಡು ಹೋದರು. ಜೆರ್ಸಿ ಸಿಟಿಯ ಆ ರೂಮನ್ನು ಅವತ್ತೇ ಮೊದಲು ನೋಡಿದ್ದು. ಗೋಡೆಯ ಮೇಲೆ ಒಂದೂ ಪಟವಿಲ್ಲ, ಬರೀ ಪುಸ್ತಕ. ಕಾಗದ ಕೈಗಿಟ್ಟು, ಅವರ ತಾಯಿ ಆಸ್ಪತ್ರೆ ಸೇರಿದ್ದನ್ನು ಹೇಳಿದೆ. ನಿಂತುಕೊಂಡೇ ಓದಿದರು. ಎರಡು ಸಲ ಓದಿದರು. ಆಮೇಲೆ ಮಂಚದ ಮೇಲೆ ಕುಳಿತು, ನಾವಿದ್ದೇವೆಂಬುದನ್ನೇ ಮರೆತವರಂತೆ ಮಾತಾಡಿದರು. ಅಷ್ಟು ವರ್ಷ ನಮ್ಮೆದುರು ‘ಅದ’ ಎನ್ನುತ್ತಿದ್ದವರು ಅವತ್ತು ‘ಐತಿ’ ಎಂದರು. ಅದು ಅವರ ಮನೆಯ ಮಾತಿರಬೇಕು.

"ನನಗ ಏಳು ವರ್ಷ. ಧಾರವಾಡದಾಗ ಒಂದು ಹಾಸ್ಟೆಲ್ ಐತಿ, ತಂದಿ ತಾಯಿ ಇಲ್ಲದ ಹುಡುಗರಿಗೆ. ಅವ್ವ ಎಂಟು ದಿನ ಪಾಠ ಮಾಡಿದ್ಲು. ಯಾರದೋ ಬಿಳಿ ಸೀರಿ ಉಟ್ಟಗೊಂಡು, ಬಣ್ಣ ಒಂದೀಟೂ ಹಚ್ಚದ, ವಾರ್ಡನ್ ಮುಂದ ನಿಂತು ‘ನಾನು ಇವನ ಚಿಕ್ಕವ್ವ ರಿ, ಇವರವ್ವ ಹೋದ ವರ್ಷ ಸತ್ತಳ್ರಿ’ ಅಂದ್ಲು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೊರಗ ಬಂದು ನನಗ ಹೇಳಿದ್ಲು, ಇನ್ನಮ್ಯಾಲೆ ನಾನು ಸತ್ತೀನಿ, ಯಾರು ಕೇಳಿದರೂ ಹಂಗ ಹೇಳು, ತಪ್ಪಿದರ ನಿನ್ನ ಓದು ಹೋಗ್ತೈತಿ ಅಂತ. ಗೇಟಿನ ತನಕ ಹಿಂದ ಹಿಂದ ಹೆಜ್ಜಿ ಇಟ್ಟಗೋತ ಹೋದ್ಲು. ನನಗ ಬೆನ್ನ ತೋರಸಲಿಲ್ಲ."

ನನಗೆ ಆಗ ಅರ್ಥವಾಯಿತು. ಶಾಲೆಯ ರಿಜಿಸ್ಟರು, ಸ್ಪಷ್ಟವಾದ ಮಾತು, ಅಳದ ದಾದಿ. ಇಡೀ ನ್ಯೂಯಾರ್ಕಿನಲ್ಲಿ ಆ ಪುಟವನ್ನು ಓದಲು ಬರುತ್ತಿದ್ದುದು ಈ ಮನುಷ್ಯನಿಗೊಬ್ಬನಿಗೆ.

"ನೋಡ್ರಿ," ಎಂದು ಕಾಗದ ಎತ್ತಿ ಹಿಡಿದರು, "ಚಿಕ್ಕವ್ವ ಅಂತ ಬರಸ್ಯಾಳ. ಸಾಯಾಕ ಬಿದ್ದಾಳ, ಇನ್ನೂ ಪಾರ್ಟು ಬಿಟ್ಟಿಲ್ಲ. ಅವರು ಕೇಳಿದ ಪ್ರೂಫ್ ಇದ ರಿ."

"ಹಾಗಾದ್ರೆ ನಿಮ್ಮ ಗೈಡಿಗೆ ತೋರಿಸಿ" ಎಂದರು ಯಜಮಾನರು.

"ತೋರಿಸಿದರ ಅವ್ವ ಇಷ್ಟು ವರ್ಷ ಮಾಡಿದ್ದು ಎಲ್ಲಾ ಕೆಟ್ಟು ಹೋಗ್ತೈತ್ರಿ."

ಆಮೇಲೆ ಲಕೋಟೆಯನ್ನು ತಿರುಗಿಸಿ, "ಇದು ಯಾವಾಗ ಬಂತ್ರಿ?" ಎಂದು ಕೇಳಿದರು.

"ಮೊನ್ನೆ" ಎಂದೆ.

ಅವರು ಪೋಸ್ಟಿನ ಮುದ್ರೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಯಜಮಾನರು ನೆಲ ನೋಡುತ್ತ ನಿಂತಿದ್ದರು. "ಭಾಳ ಉಪಕಾರ ಆತ್ರಿ, ಮೇಡಂ" ಎಂದರು ಕೊನೆಗೆ. ಅಕ್ಕಾರ ಎನ್ನುವುದು ಅವತ್ತಿಗೆ ಮುಗಿಯಿತು.

ಇವರು ಅಲ್ಲಿಂದಲೇ ಹೋಗಿ ನನ್ನ ಮಾವನ ವಿಳಾಸಕ್ಕೆ ತಂತಿ ಕಳಿಸಿದರು. ಮೂರನೆಯ ದಿನ ಮಾವನ ಉತ್ತರ ನಮಗೇ ಬಂತು. ನಾವು ಹಿಮದಲ್ಲಿ ಡ್ರೈವ್ ಮಾಡುತ್ತ ಹೋದ ದಿನಕ್ಕೆ ಆಕೆ ತೀರಿಕೊಂಡು ಒಂದು ವಾರವಾಗಿತ್ತು. ಆಸ್ಪತ್ರೆಯವರು ಹತ್ತಿರದವರು ಯಾರು ಎಂದು ಕೇಳಿದಾಗ ಮಕ್ಕಳಿಲ್ಲ ಎಂದು ಬರೆಸಿದ್ದಳಂತೆ. ಇದನ್ನು ನಾನೇ ಫೋನಿನಲ್ಲಿ ಹೇಳಬೇಕಾಯಿತು. ಊರಿಗೆ ಹೋಗಿ ಬನ್ನಿ ಎಂದೆ. "ಯಾರ ಹಂತೇಕ ಹೋಗ್ಲಿ, ಮೇಡಂ?" ಎಂದರು.

ಪಿಎಚ್‌ಡಿ ಮುಗಿಯಲಿಲ್ಲ. ಕಾಲೇಜಿನವರು ಕೈಬಿಟ್ಟರು. ಮುಂದೆ ಮ್ಯಾನ್‌ಹ್ಯಾಟನ್ನಿನ ಒಂದು ಥಿಯೇಟರ್ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ನಿಂತರು. ಅದು ನಮಗೆ ಗೊತ್ತಿರಲಿಲ್ಲ. ಊರಿಂದ ಬಂದ ನೆಂಟರನ್ನು ಒಂದು ಶೋಗೆ ಕರೆದುಕೊಂಡು ಹೋದಾಗ ಕೆಂಪು ಕೋಟಿನಲ್ಲಿ ಎದುರು ನಿಂತಿದ್ದರು. ನನ್ನ ಕೈಯಿಂದ ಟಿಕೆಟ್ ತೆಗೆದುಕೊಂಡು, ಹರಿದು, ಅರ್ಧ ವಾಪಸು ಕೊಟ್ಟು, "ಎಂಜಾಯ್ ದ ಶೋ, ಮೇಡಂ" ಎಂದರು. ಆ ನಾಟಕದಲ್ಲಿ ಏನಾಯಿತೋ ನನಗೆ ಒಂದೂ ನೆನಪಿಲ್ಲ.

ಈಗ ಅವರ ಪೆಟ್ಟಿಗೆ ನಮ್ಮ ಊಟದ ಟೇಬಲ್ ಮೇಲಿದೆ. ಅದೇ ಟೇಬಲ್. ಥೀಸಿಸ್ಸಿನ ಎರಡೇ ಅಧ್ಯಾಯಗಳಿವೆ; ಮಾಲಕನ ಮನೆತನ ಒಂದು, ಬಾಲ್ಯ ಒಂದು. ಎರಡನೆಯದು ‘ಅವನನ್ನು ಗೇಟಿನೊಳಗೆ ಬಿಟ್ಟ ಮೇಲೆ ಆ ಹೆಂಗಸು’ ಎಂಬಲ್ಲಿಗೆ ಇಂಗ್ಲಿಷಿನಲ್ಲಿ ನಿಂತುಹೋಗಿದೆ. ರಿಜಿಸ್ಟರಿನ ಪ್ರತಿಗೆ ಅವರ ತಾಯಿಯ ಕಾಗದವನ್ನು ಪಿನ್ನು ಮಾಡಿಟ್ಟಿದ್ದಾರೆ. ಇವೆರಡನ್ನೂ ಒಟ್ಟಿಗೆ ನೋಡಿದವರು ಇನ್ನು ನಾವಿಬ್ಬರೇ.

ಉಳಿದದ್ದೆಲ್ಲ ಸಣ್ಣ ಸಣ್ಣ ಕಾರ್ಡುಗಳು. ನಿನ್ನೆ ಮಧ್ಯಾಹ್ನ ಒಂದೊಂದಾಗಿ ತೆಗೆದು ನೋಡುತ್ತಿದ್ದೆ. ಎಲ್ಲ ಇಂಗ್ಲಿಷು, ಒಂದೇ ಒಂದು ಕನ್ನಡದ್ದು. ಮೇಲುಗಡೆ ‘ಮಹಾಲಯ ಅಮಾವಾಸ್ಯೆ’ ಎಂದು ಬರೆದಿತ್ತು.

‘ಇವತ್ತು ಅಕ್ಕಾರ ಮನ್ಯಾಗ ಮಾಲಕನ ತಾಯಿಗೆ ಎಳ್ಳುನೀರು ಬಿಟ್ಟೆ. ಅಕಿ ಹೆಸರನ್ನ ನಮ್ಮ ಕಡಿ ಹೆಸರಿನಂಗ ತಿದ್ದಿ ಹೇಳಿದೆ. ಅಕಿಗೆ ಯಾರೂ ಬಿಟ್ಟಿರಾಕಿಲ್ಲ. ನಮ್ಮವ್ವನ ಹೆಸರು ಕೇಳಿದರು, ಹೇಳಲಿಲ್ಲ. ಅವ್ವ ಇನ್ನೂ ಅದಾಳ.’

ಅಷ್ಟೇ. ಆ ಬೇಸ್‌ಮೆಂಟಿನಲ್ಲಿ ಮೂವತ್ತು ಜನರ ಮುಂದೆ ಈ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಬೇಕಾದರೆ ಅವ್ವ ಇದ್ದಾಳೆ ಎಂದು ಮೊದಲು ಒಪ್ಪಬೇಕಿತ್ತು. ಅವರು ಒಪ್ಪಲಿಲ್ಲ. ಬಾಯಿ ತೆರೆದು ಮುಚ್ಚಿದ್ದು ಅದಕ್ಕೇ. ಅವರು ಮಾಡದ ಪಾಪಕ್ಕೆ ನಾನು ಅವರ ಹೆತ್ತವಳನ್ನು ಐದು ವಾರ ಕೂಪನ್ನುಗಳ ಕೆಳಗೆ ಮುಚ್ಚಿಟ್ಟೆ.

ಕಾರ್ಡನ್ನು ಯಜಮಾನರ ಕೈಗೆ ಕೊಟ್ಟೆ. ಓದಿ ಕನ್ನಡಕ ತೆಗೆದಿಟ್ಟರು.

"ಮುಂದಿನ ತಿಂಗಳು ಮಹಾಲಯ ಬರತ್ತೆ. ನಿಮ್ಮ ಕೈಯಿಂದಲಾದ್ರೂ ಮೂರು ಹೆಸರು ಹೇಳಿ ನೀರು ಬಿಡಿ" ಎಂದೆ. "ಅವರದು, ಅವರ ತಾಯೀದು, ಆ ದಾದೀದು. ಅವರಿಗೆ ಇನ್ನು ಯಾರೂ ಇಲ್ಲ."

ಅವರು ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟರು. ಮದುವೆಯಾದಾಗಿನಿಂದ ಆ ಮನುಷ್ಯ ನನಗೆ ಒಂದು ಗಡುಸು ಮಾತು ಆಡಿದವರಲ್ಲ. ನಿನ್ನೆಯೂ ಮೆತ್ತಗೇ ಕೇಳಿದರು.

"ಬಿಡ್ತೀನಿ ಕಣೇ. ನೀರು ಬಿಟ್ರೆ ಕಾಗದ ಮುಟ್ಟತ್ತಾ?"